ನವಾರು ಮಂಚದಿಂದ ಅಮೆರಿಕದ ಸೋಫಾವರೆಗೆ: ಗಡಿನಾಡ ಮನೆಯೊಳಗಿನ ಲೆಕ್ಕ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಕನ್ನಡ ಶಾಲೆಗಳ ಬಗ್ಗೆ, ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಗಳ ಬಗ್ಗೆ, ಹತ್ತಿಯ ದರದ ಬಗ್ಗೆ. ಈ ಸಲ ಮನೆಯೊಳಗಿನ ಮಂಚ, ಕುರ್ಚಿ, ಕಪಾಟುಗಳ ಬಗ್ಗೆ ಬರೆಯುತ್ತಿದ್ದೇವೆ. ಸಂಘಕ್ಕೆ ಬೇರೆ ಕೆಲಸ ಇಲ್ಲವೇ ಎಂದು ಕೆಲವರು ಕೇಳಬಹುದು. ಪೂರ್ತಿ ಓದಿ, ಆಮೇಲೆ ಹೇಳಿ.

ಈಚೆಗೆ ದೇವನಕೊಂಡದಲ್ಲಿ ನಮ್ಮ ಸದಸ್ಯರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿ ಕಟ್ಟಿಸಿದ ಆರ್‌ಸಿಸಿ ಮನೆ. ಹಾಲಿನಲ್ಲಿ ಬೂದು ಬಣ್ಣದ ಸೋಫಾ. ಅದಕ್ಕೆ ಓರೆಯಾಗಿ ಚಾಚಿದ, ತುದಿಗೆ ಸಣ್ಣಗಾದ ಕಾಲುಗಳು. ಟಿವಿ ಕೆಳಗೆ ಅಂಥದೇ ಕಾಲಿನ ಉದ್ದನೆಯ ಕಪಾಟು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಮೊಬೈಲಿನಲ್ಲೇ ನೋಡಿ ತರಿಸಿದ್ದು. "ಅಮೆರಿಕನ್ ಸ್ಟೈಲ್ ಅಂತ್ರೀ ಇದು" ಎಂದು ತಂದೆ ಹೆಮ್ಮೆಯಿಂದ ತೋರಿಸಿದರು. ನೋಡಲು ಚೆನ್ನಾಗಿಯೇ ಇತ್ತು.

ಊಟವಾದ ಮೇಲೆ ಹಿರಿಯರೆಲ್ಲ ಹೋಗಿ ಕೂತದ್ದು ಮಾತ್ರ ಹಿತ್ತಲ ಬೇವಿನ ಮರದ ಕೆಳಗೆ, ಹಳೆಯ ನವಾರು ಮಂಚದ ಮೇಲೆ. ಸೋಫಾಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ. ಆ ಮಂಚದ ಗತಿ ಏನು ಎಂದು ಕೇಳಿದೆವು. "ಇನ್ನೇನು, ಗುಜರಿಯವನು ಬಂದಾಗ ಕೊಡೋದೇ" ಎಂದರು ಮನೆಯವರು.

ಅಲ್ಲಿಂದ ಬರುವಾಗ ಬಸ್ಸಿನಲ್ಲಿ ನಮ್ಮಲ್ಲಿ ಶುರುವಾದ ಮಾತೇ ಈ ಲೇಖನ. ಅಮೆರಿಕದವರು ತಮ್ಮ ಹಳೆಯ ಕುರ್ಚಿ, ಮೇಜುಗಳನ್ನು ಅಳೆದು, ಬರೆದಿಟ್ಟು, ಮತ್ತೆ ಮತ್ತೆ ಹೊಸದು ಮಾಡಿಕೊಂಡು ಜಗತ್ತಿಗೆಲ್ಲ ಮಾರುತ್ತಿದ್ದಾರೆ. ನಾವು ನಮ್ಮದನ್ನು ಅಳೆಯದೆಯೇ ಗುಜರಿಗೆ ಹಾಕಿ, ಅವರದರ ಅಗ್ಗದ ನಕಲನ್ನು ಕಂತಿನಲ್ಲಿ ಕೊಳ್ಳುತ್ತಿದ್ದೇವೆ. ಇದರಲ್ಲಿ ನಮ್ಮ ಬಡಿಗೇರರ ಅನ್ನ ಇದೆ, ಹೆಣ್ಣುಮಕ್ಕಳ ಮದುವೆಯ ಸಾಲ ಇದೆ, ಆದೋನಿಯ ಹತ್ತಿಯೂ ಇದೆ.

ಈ ಶೈಲಿ ನಮ್ಮೂರಿಗೆ ಬಂದ ದಾರಿ

ಅಂಗಡಿಯವರು ಈಗ ಮೂರು ಹೆಸರು ಹೇಳುತ್ತಾರೆ: ಮಿಡ್-ಸೆಂಚುರಿ, ಶೇಕರ್, ಫಾರ್ಮ್‌ಹೌಸ್. ಓರೆ ಕಾಲಿನ ಸೋಫಾ, ಕುರ್ಚಿಗಳು ಮಿಡ್-ಸೆಂಚುರಿ, ಅಂದರೆ 1940ರಿಂದ 60ರ ದಶಕದ ಅಮೆರಿಕದ ಮಾದರಿ. ಮಾಡ್ಯುಲರ್ ಅಡುಗೆಮನೆಯ ಕಪಾಟಿಗೆ ನಾಲ್ಕು ಕಡೆ ಚೌಕಟ್ಟು, ನಡುವೆ ತಗ್ಗಿದ ಹಲಗೆ ಇದ್ದರೆ ಅದು ಶೇಕರ್. ದಪ್ಪ ಹಲಗೆಯ ಊಟದ ಮೇಜು, ಅದರ ಪಕ್ಕಕ್ಕೆ ಉದ್ದನೆಯ ಬೆಂಚು ಇದ್ದರೆ ಫಾರ್ಮ್‌ಹೌಸ್.

ಇವು ನೇರವಾಗಿ ಅಮೆರಿಕದಿಂದ ಬಂದವಲ್ಲ. ಸ್ವೀಡನ್ನಿನ ಐಕಿಯಾ ಕಂಪನಿ 2018ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ, 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮಳಿಗೆ ತೆರೆಯಿತು. ಮೊಬೈಲಿನಲ್ಲಿ ಮಾರುವ ಕಂಪನಿಗಳು ಅದಕ್ಕೂ ಮೊದಲೇ ಇದ್ದವು. ಆದೋನಿ ಸೀಮೆಯ ನಮ್ಮ ಹುಡುಗರು ಕೆಲಸಕ್ಕೆ ಹೋಗುವುದೂ ಈ ಎರಡು ಊರುಗಳಿಗೇ. ಅಲ್ಲಿ ಬಾಡಿಗೆ ಮನೆಗಳಲ್ಲಿ ಕಂಡದ್ದನ್ನು ಊರಲ್ಲಿ ಅಪ್ಪ-ಅಮ್ಮನಿಗೆ ಕೊಡಿಸುತ್ತಾರೆ. ಅದನ್ನು ನೋಡಿ ಆದೋನಿ, ಎಮ್ಮಿಗನೂರು, ಬಳ್ಳಾರಿಯ ಅಂಗಡಿಗಳೂ ಅದೇ ಆಕಾರದ ಸಾಮಾನು ತರಿಸುತ್ತವೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಡುವ ಮಂಚ-ಬೀರುವಿನ ಜೊತೆಗೆ ಈಗ 'ಸೋಫಾ ಸೆಟ್' ಕೂಡ ಸೇರಿಕೊಂಡಿದೆ.

ಮಕ್ಕಳು ಪ್ರೀತಿಯಿಂದ ಕೊಡಿಸುತ್ತಾರೆ. ಅದರಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ಆದರೆ ಆ ಆಕಾರದ ಹಿಂದೆ ಇದ್ದ ವಿಚಾರ ಏನು, ನಮ್ಮ ಮನೆಗೆ ಬಂದದ್ದು ಏನು ಎಂಬುದನ್ನು ನೋಡಬೇಕು.

ಮೂಲದಲ್ಲಿ ಇದ್ದದ್ದು

ಶೇಕರ್ ಎಂಬುದು ಒಂದು ಕ್ರೈಸ್ತ ಪಂಥದ ಹೆಸರು. ಆನ್ ಲೀ ಎಂಬ ಹೆಣ್ಣುಮಗಳ ಮುಂದಾಳತನದಲ್ಲಿ ಕೆಲವೇ ಜನ 1774ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದರು. ಆಡಂಬರ ಬೇಡ, ಕೆಲಸಕ್ಕೆ ಬರುವುದನ್ನು ಗಟ್ಟಿಯಾಗಿ ಮಾಡು ಎಂಬುದು ಅವರ ನಡೆ. ಅವರ ಕುರ್ಚಿಗಳು ಹಗುರ. ನೆಲ ಗುಡಿಸುವಾಗ ಎತ್ತಿ ಗೋಡೆಯ ಗೂಟಕ್ಕೆ ನೇತುಹಾಕುತ್ತಿದ್ದರು. ಆ ಕುರ್ಚಿಯ ಕೂರುವ ಜಾಗವನ್ನು ಅವರು ತುಂಬಿದ್ದು ನೇಯ್ದ ಪಟ್ಟಿಯಿಂದ. ಮೊದಮೊದಲು ಉಣ್ಣೆಯದು, ಆಮೇಲೆ ಹತ್ತಿಯದು. ಅಡ್ಡಕ್ಕೊಂದು ಉದ್ದಕ್ಕೊಂದು ಹೆಣೆದ ಹತ್ತಿಯ ಪಟ್ಟಿ ಎಂದರೆ ನಮ್ಮ ನವಾರು ಅಲ್ಲದೆ ಇನ್ನೇನು?

ಅವರ ಕಪಾಟಿನ ಬಾಗಿಲಿಗೂ ಕಾರಣವಿತ್ತು. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ನಡುವಿನ ಹಲಗೆಯನ್ನು ಅಂಟು ಹಾಕದೆ ಚೌಕಟ್ಟಿನ ಗಾಡಿಯೊಳಗೆ ಸಡಿಲವಾಗಿ ಕೂರಿಸುತ್ತಿದ್ದರು, ಹಲಗೆ ಸೀಳುತ್ತಿರಲಿಲ್ಲ. ನಮ್ಮ ಹಳೆಯ ಬಡಿಗೇರರಿಗೂ ಈ ಗುಟ್ಟು ಗೊತ್ತು. ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು 'ಶೇಕರ್' ಬಾಗಿಲು ಒಂದೇ ಎಂಡಿಎಫ್ ಹಲಗೆ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆಯ ಮೇಲೆ ಯಂತ್ರದಿಂದ ತಗ್ಗು ಕೊರೆದು ಚೌಕಟ್ಟಿನಂತೆ ಕಾಣಿಸಿರುತ್ತಾರೆ. ಆಕಾರ ಉಳಿಯಿತು, ಕಾರಣ ಹೋಯಿತು.

ಮಿಡ್-ಸೆಂಚುರಿಯ ಕಥೆಯೂ ಇದೇ. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗೆ, ಗಾಯಾಳುಗಳ ಕಾಲಿಗೆ ಕಟ್ಟುವ ಪ್ಲೈವುಡ್ ದಬ್ಬೆ ಮಾಡಿಕೊಟ್ಟರು. ಪ್ಲೈವುಡ್ಡನ್ನು ಮೈಯ ಆಕಾರಕ್ಕೆ ಬಾಗಿಸುವುದನ್ನು ಆ ಕೆಲಸದಲ್ಲಿ ಪಳಗಿಸಿಕೊಂಡು, ಯುದ್ಧ ಮುಗಿದ ಮೇಲೆ ಕುರ್ಚಿ ಮಾಡಿದರು. ಒಳ್ಳೆಯ ವಸ್ತು ಹೆಚ್ಚು ಜನರಿಗೆ ಕಡಿಮೆ ಬೆಲೆಗೆ ಸಿಗಬೇಕು ಎಂಬುದು ಅವರ ಗುರಿ. ಅಂದರೆ ಪ್ಲೈವುಡ್ ಎಂದ ಮಾತ್ರಕ್ಕೆ ಕೀಳಲ್ಲ. ಅದನ್ನು ಯಾರು, ಎಷ್ಟು ಕಾಳಜಿಯಿಂದ ಮಾಡಿದರು ಎಂಬುದು ಮುಖ್ಯ.

ಅವರು ನಮ್ಮಿಂದ ಕಲಿತದ್ದು

ಇದೇ ಈಮ್ಸ್ ದಂಪತಿಯನ್ನು ಭಾರತ ಸರ್ಕಾರ ಕರೆಸಿಕೊಂಡಿತ್ತು. ದೇಶ ಸುತ್ತಿ ನೋಡಿ 1958ರಲ್ಲಿ ಅವರು ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಹೆಚ್ಚು ಮೆಚ್ಚಿ ಬರೆದದ್ದು ಅರಮನೆಯನ್ನಲ್ಲ, ನಮ್ಮ ಹೆಂಗಸರು ನೀರು ತರುವ ಸಾಮಾನ್ಯ ಲೋಟಾವನ್ನು, ಅಂದರೆ ಬಿಂದಿಗೆ-ಚೊಂಬಿನ ಆಕಾರವನ್ನು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದರೆ ಹೇಗೆ ಸುರಿಯಬೇಕು ಎಂಬುದನ್ನೆಲ್ಲ ತಲೆತಲಾಂತರದ ಜನ ಸೇರಿ ತಿದ್ದಿದ ವಸ್ತು ಅದು ಎಂದು ಅವರು ಗುರುತಿಸಿದರು. ಆ ವರದಿಯ ಹಿನ್ನೆಲೆಯಲ್ಲೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಇನ್ನೊಬ್ಬರು ಜಾರ್ಜ್ ನಕಾಶಿಮಾ. ಅಮೆರಿಕದಲ್ಲಿ ಹುಟ್ಟಿದ ಜಪಾನಿ ಮೂಲದವರು. 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ 'ಗೋಲ್ಕೊಂಡೆ' ಎಂಬ ವಸತಿಗೃಹ ಕಟ್ಟುವ ಕೆಲಸ ನೋಡಿಕೊಳ್ಳಲು ಬಂದರು. ಕಟ್ಟಡಕ್ಕೆ ಹಣ ಸಿಕ್ಕಿದ್ದು ಹೈದರಾಬಾದ್ ಸಂಸ್ಥಾನದ ದಿವಾನ ಸರ್ ಅಕ್ಬರ್ ಹೈದರಿಯವರ ಮೂಲಕ. ಆದ್ದರಿಂದ ಆ ಹೆಸರು. ಸೆಕೆಯ ಊರಿನಲ್ಲಿ ಗಾಳಿ ಹೇಗೆ ಆಡಬೇಕು ಎಂದು ಯೋಚಿಸಿ ಕಟ್ಟಿದ ಆ ಮನೆಗೆ ತೇಗದ ಮಂಚ, ಮೇಜುಗಳನ್ನೂ ಅಲ್ಲೇ ಮಾಡಿಸಿದರು. ನಕಾಶಿಮಾ ಆಶ್ರಮವಾಸಿಯಾಗಿ 'ಸುಂದರಾನಂದ' ಎಂಬ ಹೆಸರನ್ನೂ ಪಡೆದರು. ಆಮೇಲೆ ಅಮೆರಿಕಕ್ಕೆ ಮರಳಿ, ಯುದ್ಧಕಾಲದ ಬಂಧನ ಶಿಬಿರವನ್ನೂ ಕಂಡು, ಪೆನ್ಸಿಲ್ವೇನಿಯಾದಲ್ಲಿ ಮರಗೆಲಸದ ಕಾರ್ಯಾಗಾರ ಹಾಕಿದರು. ಮರದ ಅಂಚನ್ನು ನೇರ ಕೊಯ್ಯದೆ, ಬೆಳೆದ ಹಾಗೇ ಬಿಟ್ಟು ಮಾಡಿದ ಮೇಜುಗಳು ಅವರ ಗುರುತು. ಇವತ್ತು ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ 'ಲೈವ್ ಎಡ್ಜ್' ಎಂದು ಭಾರಿ ಬೆಲೆಗೆ ಮಾರುವುದು ಅದೇ ಬಗೆಯ ಮೇಜು.

ಇದನ್ನು ಹೇಳಿದ್ದು "ಎಲ್ಲ ನಮ್ಮಿಂದಲೇ ಹೋಯಿತು" ಎಂದು ಮೀಸೆ ತಿರುವಲು ಅಲ್ಲ. ಅವರು ನಮ್ಮ ಮನೆಯ ಚೊಂಬನ್ನೂ ಕೈಯಲ್ಲಿ ಹಿಡಿದು ನೋಡಿದರು. ನಾವು ನೋಡಿದೆವೇ ಎಂಬುದು ಪ್ರಶ್ನೆ.

ನಮ್ಮ ಮನೆಯಲ್ಲಿ ಇದ್ದದ್ದು

ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವವರೆಗೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಪತ್ತಿಕೊಂಡ ಕಡೆಯ ದೇವನಕೊಂಡ ಕರ್ನೂಲಿಗೆ ಸೇರಿತ್ತು. ಗೆರೆ ಎಲ್ಲಿ ಬಿದ್ದರೂ ಮನೆಗಳು ಒಂದೇ ಥರ. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ. ತೆಲುಗರು ಮಿದ್ದೆ ಎನ್ನುತ್ತಾರೆ. ಗೋಡೆಯೊಳಗೇ ಗೂಡು, ಹಾಗಾಗಿ ಕಪಾಟಿನ ಅಗತ್ಯ ಕಡಿಮೆ. ಬಾಗಿಲ ಪಕ್ಕ ಕಟ್ಟೆ; ಹಾಗಾಗಿ ಕುರ್ಚಿಯ ಅಗತ್ಯ ಕಡಿಮೆ. ಉಳಿದದ್ದು ಹೊರಸು, ನವಾರು ಮಂಚ, ಊಟಕ್ಕೆ ಮಣೆ, ಕೆಲವು ಮನೆಗಳಲ್ಲಿ ತಟ್ಟೆ ಇಡುವ ಅಡ್ಡಣಿಗೆ, ಬಟ್ಟೆಗೆ ಮರದ ಪೆಟ್ಟಿಗೆ, ಮಗುವಿಗೆ ತೊಟ್ಟಿಲು.

ಮರವೂ ಇಲ್ಲಿಯದೇ. ಹುಳ ಹಿಡಿಯದ ಬೇವು, ಬಂಡಿಗೂ ನೇಗಿಲಿಗೂ ಆಗುವ ಗಟ್ಟಿ ಜಾಲಿ. ತೇಗ ಉಳ್ಳವರ ಮನೆಗೆ ಮಾತ್ರ.

ಹೊರಸನ್ನು ಒಮ್ಮೆ ಹೊಸದಾಗಿ ಕಂಡವರಂತೆ ನೋಡಿ. ಒಬ್ಬಳೇ ಹೆಂಗಸು ಎತ್ತಿ ಹೊರಗೆ ಹಾಕಬಹುದು. ಹಗಲು ಗೋಡೆಗೆ ಒರಗಿಸಿದರೆ ಜಾಗ ಖಾಲಿ. ಹಗ್ಗ ಜೋತು ಬಿದ್ದರೆ ಕಾಲ ಬದಿಯಲ್ಲಿ ಎಳೆದು ಬಿಗಿದರೆ ಸರಿ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಕೆಳಗಿನಿಂದಲೂ ಗಾಳಿ. ಅದೇ ಸೆಕೆಯಲ್ಲಿ, ಕರೆಂಟು ಹೋದ ಮಧ್ಯಾಹ್ನ, ಫೋಮ್ ತುಂಬಿದ ಸೋಫಾದ ಮೇಲೆ ಮಲಗಿ ನೋಡಿ. ಬೆನ್ನು ಬೆವರಿ ಬಟ್ಟೆ ಅಂಟಿಕೊಳ್ಳುತ್ತದೆ. ಮೆಣಸಿನಕಾಯಿ ಬಿಡಿಸಲು ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಗುಂಟೂರು ಕಡೆ ಸುಗ್ಗಿಗೆ ಹೋಗುವ ನಮ್ಮ ಸೀಮೆಯ ಕುಟುಂಬಗಳಿಗೆ, ಎತ್ತಿಡಬಹುದಾದ ಮಂಚ ಎಷ್ಟು ಅನುಕೂಲ ಎಂಬುದು ಅವರಿಗೇ ಗೊತ್ತು.

ಮಂಚದ ಮೇಲೆ ಹಾಸುವ ಜಮಖಾನೆಯೂ ನಮ್ಮದೇ. 1911ರ ಬ್ರಿಟಾನಿಕಾ ವಿಶ್ವಕೋಶದಲ್ಲಿ ಆದೋನಿಯ ಬಗ್ಗೆ ಇರುವುದು ಕೆಲವೇ ಸಾಲು. ಅಷ್ಟರಲ್ಲೂ ಇಲ್ಲಿ ನೇಯುತ್ತಿದ್ದ ಹಾಸುಗಂಬಳಿಗಳು, ರೇಷ್ಮೆ ಮತ್ತು ಹತ್ತಿಯ ಬಟ್ಟೆ, ಹತ್ತಿ ಬಿಡಿಸುವ ಕಾರ್ಖಾನೆಗಳ ಹೆಸರು ಬಂದಿದೆ. ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ಗಡಿಯ ಆಚೆ, ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ನೇಯುವ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ಮೂಲವನ್ನು ಬಿಜಾಪುರದ ನೇಕಾರರಿಗೆ ಜೋಡಿಸುತ್ತಾರೆ. ಆದೋನಿಯೂ ಒಂದು ಕಾಲಕ್ಕೆ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿತ್ತು. ಕಲಘಟಗಿಯ ಬಣ್ಣದ ತೊಟ್ಟಿಲು, ಕೊಪ್ಪಳದ ಕಿನ್ನಾಳದ ಮರಗೆಲಸ ಗೊತ್ತೇ ಇದೆ. ಆದರೆ ನವಲಗುಂದ, ಕಲಘಟಗಿ, ಕಿನ್ನಾಳದ ಹೆಸರು ಉಳಿದ ಹಾಗೆ ಆದೋನಿಯ ಹಾಸುಗಂಬಳಿಯ ಹೆಸರು ನಮ್ಮ ಮಕ್ಕಳ ಬಾಯಲ್ಲಿ ಉಳಿದಿದೆಯೇ?

ಅಮೆರಿಕದ ಹಾಲ್, ಆದೋನಿಯ ಹತ್ತಿ

ಈಗ 2025ರ ಸುದ್ದಿಗೆ ಬರೋಣ. ಅಮೆರಿಕದವರ ಹಾಲಿನಲ್ಲಿ ಏನು ಹಾಸುತ್ತಾರೆ, ಯಾವ ಕುರ್ಚಿ ಇಡುತ್ತಾರೆ ಎಂಬುದು ನಮಗೆ ದೂರದ ಮಾತಲ್ಲ. ಭಾರತದ ಕೈನೇಯ್ಗೆಯ ಹಾಸುಗಂಬಳಿ, ಹೊದಿಕೆ, ಟವೆಲ್ಲುಗಳಿಗೆ ಅಮೆರಿಕವೇ ದೊಡ್ಡ ಗಿರಾಕಿ.

2025ರ ಆಗಸ್ಟ್ 27ರಿಂದ ಅಮೆರಿಕ ಸರ್ಕಾರ ಭಾರತದ ಹೆಚ್ಚಿನ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ 50ಕ್ಕೆ ಏರಿಸಿತು. ಅಕ್ಟೋಬರ್ 14ರಿಂದ, ಹೆಚ್ಚಿನ ದೇಶಗಳಿಂದ ಬರುವ ಮೆತ್ತೆ ಹೊದಿಸಿದ ಮರದ ಪೀಠೋಪಕರಣ ಮತ್ತು ಅಡುಗೆಮನೆ ಕಪಾಟುಗಳ ಮೇಲೆ ಶೇ 25 ಸುಂಕ ಹಾಕಿತು. ತನ್ನ ದೇಶದ ಮರದ ಉದ್ಯಮ ಉಳಿಸಿಕೊಳ್ಳುವುದು ಇದರ ಉದ್ದೇಶ ಎಂದಿತು. ಅಷ್ಟು ಶ್ರೀಮಂತ ದೇಶವೇ ಕುರ್ಚಿ, ಕಪಾಟನ್ನು ರಾಷ್ಟ್ರದ ವಿಷಯ ಮಾಡಿಕೊಂಡಿದೆ ಎಂಬುದನ್ನು ಗಮನಿಸಿ.

ಆ ಆಗಸ್ಟ್‌ನಲ್ಲೇ ನಮ್ಮ ಕೇಂದ್ರ ಸರ್ಕಾರ ಬಟ್ಟೆ ಕಾರ್ಖಾನೆಗಳಿಗೆ ಅಗ್ಗದ ಹತ್ತಿ ಸಿಗಲೆಂದು ಹೊರದೇಶದ ಹತ್ತಿಯ ಮೇಲಿದ್ದ ಶೇ 11 ಆಮದು ಸುಂಕವನ್ನು ತೆಗೆಯಿತು. ಆಗಸ್ಟ್ 19ರಿಂದ ಸೆಪ್ಟೆಂಬರ್ ಕೊನೆಯವರೆಗೆ ಎಂದಿದ್ದದ್ದನ್ನು ಡಿಸೆಂಬರ್ 31ರವರೆಗೂ ವಿಸ್ತರಿಸಿತು. ಅಂದರೆ ಆದೋನಿ ಮಾರುಕಟ್ಟೆಗೆ ಹೊಸ ಹತ್ತಿ ಬರುವ ತಿಂಗಳುಗಳಲ್ಲೇ. ಆ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ ಎಂದು ಘೋಷಣೆಯಾಗಿತ್ತು. ಹೊರಗಿನ ಹತ್ತಿ ಸುಂಕವಿಲ್ಲದೆ ಒಳಬರುವಾಗ ಯಾರ್ಡಿನಲ್ಲಿ ವ್ಯಾಪಾರಿ ಯಾವ ಮುಖ ಮಾಡುತ್ತಾನೆ ಎಂಬುದನ್ನು ಹತ್ತಿ ತುಂಬಿದ ಗಾಡಿ ಹಿಡಿದು ನಿಂತ ರೈತರಿಗೆ ನಾವು ಹೇಳಬೇಕಿಲ್ಲ.

ಒಂದು ಕಡೆ ನಮ್ಮ ಹತ್ತಿ ಬಿಡಿ ಸರಕಾಗಿ ಹೋಗುತ್ತದೆ, ಇನ್ನೊಂದು ಕಡೆ ಫೋಮ್ ಮತ್ತು ಪಾಲಿಯೆಸ್ಟರ್ ತುಂಬಿದ ಸೋಫಾ ಊರಿಗೆ ಬರುತ್ತದೆ. ನಡುವೆ ಇದ್ದ ನವಾರು, ಜಮಖಾನೆ, ಹತ್ತಿಯ ಹಾಸಿಗೆಯ ಕೆಲಸ ಕರಗಿದೆ. ಹತ್ತಿ ಬೆಳೆಯುವ ಊರಿನ ಮನೆಯಲ್ಲೇ ಹತ್ತಿಯ ಬಳಕೆ ಕಡಿಮೆಯಾದರೆ ದರಕ್ಕಾಗಿ ನಾವು ಪೂರ್ತಿ ಹೊರಗಿನವರ ಮುಖವನ್ನೇ ನೋಡಬೇಕಾಗುತ್ತದೆ. ನಾಲ್ಕು ನವಾರು ಮಂಚದಿಂದ ಹತ್ತಿಯ ದರ ಏರುವುದಿಲ್ಲ, ಅದು ನಮಗೂ ಗೊತ್ತು. ಆದರೆ ಊರಿನ ಹತ್ತಿಗೆ ಊರಲ್ಲೇ ಕೈಕೆಲಸ ಸೇರಿದರೆ ಕೆಲವು ಮನೆಗಳಿಗೆ ಕೂಲಿ ಸಿಗುತ್ತದೆ.

ತೆರಿಗೆಯ ಲೆಕ್ಕವೂ ಸ್ವಲ್ಪ ಇದೆ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯಲ್ಲಿ ಪೂರ್ತಿ ಬಿದಿರು, ಬೆತ್ತದಿಂದ ಮಾಡಿದ ಪೀಠೋಪಕರಣದ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಮರದ ಸಾಮಾನು ಶೇ 18ರಲ್ಲೇ ಉಳಿಯಿತು. ಬೇವಿನ ಗಟ್ಟಿ ಮರದ ಮಂಚಕ್ಕೂ ಪುಡಿ ಹಲಗೆಯ ಮಂಚಕ್ಕೂ ದರ ಒಂದೇ.

ಬಡಿಗೇರರ ಮಾತು, ಮದುವೆಯ ಸಾಲ

ಆದೋನಿಯ ಒಬ್ಬ ಹಿರಿಯ ಬಡಿಗೇರರ ಹತ್ತಿರ ಕೂತು ಮಾತಾಡಿದೆವು. ಉಳಿ, ಬಾಚಿ, ಬೈರಿಗೆ ಎಲ್ಲ ಇನ್ನೂ ಇಟ್ಟುಕೊಂಡಿದ್ದಾರೆ. "ಈಗ ನಾವು ಬಡಿಗ್ಯಾರು ಅಲ್ಲಪ್ಪಾ, ಸ್ಕ್ರೂ ತಿರುವೋರು ಆಗೀವಿ. ಡಬ್ಬಿ ಬಿಚ್ಚಿ ಜೋಡಿಸಿ ಕೊಡಾಕ ಕರೀತಾರ. ಮಗ ಉಳಿ ಹಿಡಿಯಾಕ ಒಲ್ಲೆ ಅಂದ, ಹೈದರಾಬಾದಿನಾಗ ಫಿಟ್ಟಿಂಗ್ ಕೆಲಸ ಮಾಡ್ತಾನ" ಎಂದರು. ಪುಡಿ ಹಲಗೆಯ ಸಾಮಾನು ರಿಪೇರಿಗೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆವು. "ಏನ್ ಮಾಡೋದು? ನೀರು ಕುಡಿದು ಉಬ್ಬಿದ್ದು ಮತ್ತ ಇಳಿಯಂಗಿಲ್ಲ. ಒಂದ್ಸಲ ಸ್ಕ್ರೂ ಕಿತ್ತು ಬಂದ್ರ ಅದೇ ತೂತಿಗೆ ಮತ್ತ ಹಿಡಿಯಂಗಿಲ್ಲ. ಮರ ಆಗಿದ್ರ ಬೆಣಿ ಹೊಡೀತಿದ್ದೆ."

ನಮ್ಮ ಸದಸ್ಯರ ಮನೆಯೊಂದರಲ್ಲಿ ಇದೇ ಆಗಿದೆ. ಮಗಳ ಮದುವೆಗೆ ಪಟ್ಟಣದ ಅಂಗಡಿಯೊಂದರಿಂದ ಕಂತಿನಲ್ಲಿ ಮಂಚ, ಬೀರು, ಸೋಫಾ ತಂದರು. ಮೊದಲ ಮಳೆಗಾಲಕ್ಕೇ ಬೀರುವಿನ ಕೆಳಭಾಗ ಉಬ್ಬಿತು. ಎರಡನೇ ವರ್ಷ ಮಂಚದ ಕೀಲು ಕಿತ್ತಿತು. ಕಂತು ಮಾತ್ರ ಇನ್ನೂ ನಡೆಯುತ್ತಿತ್ತು. "ಸಾಮಾನು ಹೋದ ಮೇಲೂ ಸಾಲ ಕಟ್ಟಿದೆವು" ಎಂದು ಆ ತಾಯಿ ಹೇಳಿದ್ದು ನಮಗೆ ಮರೆಯುತ್ತಿಲ್ಲ. ಅತ್ತೆಯ ಮನೆಯಲ್ಲಿ ಮಗಳು ಕೇಳಬೇಕಾಗಿ ಬಂದ ಮಾತುಗಳು ಇನ್ನೊಂದು ಕಥೆ. ಮದುವೆಗೆ ಹೀಗೆ ಸಾಮಾನು ಕೊಡಲೇಬೇಕು ಎಂಬ ಪದ್ಧತಿಯೇ ಹೋಗಬೇಕು ಎಂಬುದು ಸಂಘದ ನಿಲುವು. ಹೋಗುವವರೆಗೆ, ಕನಿಷ್ಠ ಕೈಯಲ್ಲಿ ಬಾಳುವುದನ್ನಾದರೂ ಕೊಳ್ಳೋಣ.

ಹಳೆಯದೆಲ್ಲ ಒಳ್ಳೆಯದಲ್ಲ

ಇಲ್ಲಿ ನಾವು ಎರಡು ಮಾತು ಒಪ್ಪಿಕೊಳ್ಳಬೇಕು. ಮೊದಲನೆಯದು, ಶುದ್ಧ ಕನ್ನಡದ ಪೀಠೋಪಕರಣ ಎಂಬುದೇನೂ ಇಲ್ಲ. ಕುರ್ಚಿ ಎಂಬ ಮಾತು ಅರಬ್ಬಿಯಿಂದ ಬಂದದ್ದು, ಅಲಮಾರು ಪೋರ್ಚುಗೀಸರಿಂದ, ಬೀರು 'ಬ್ಯೂರೋ'ದಿಂದ. ಬಂದದ್ದನ್ನು ನಮ್ಮದು ಮಾಡಿಕೊಂಡೆವು. ಸೋಫಾವನ್ನೂ ಮಾಡಿಕೊಳ್ಳಬಹುದು.

ಎರಡನೆಯದು ಇನ್ನೂ ಮುಖ್ಯ. ಹಳೆಯ ಕಾಲದಲ್ಲಿ ಯಾರು ಮಂಚದ ಮೇಲೆ, ಯಾರು ಕಟ್ಟೆಯ ಮೇಲೆ, ಯಾರು ನೆಲದ ಮೇಲೆ ಕೂರಬೇಕು ಎಂಬುದು ಜಾತಿಯ ಲೆಕ್ಕವಾಗಿತ್ತು. ಊರ ದೊಡ್ಡವರು ಬಂದರೆ ಎದ್ದು ನಿಲ್ಲಬೇಕಿದ್ದವರು ಎಷ್ಟೋ ಜನ. ಅವರ ಮನೆಗೆ ಪ್ಲಾಸ್ಟಿಕ್ ಕುರ್ಚಿ ಬಂದದ್ದು ಸಣ್ಣ ಸಂಗತಿಯಲ್ಲ. ಬಂದವರನ್ನು ಎದುರು ಕೂರಿಸಿ ಸಮ ಸಮ ಮಾತಾಡುವ ಅವಕಾಶ ಅದು. ಮೊಣಕಾಲು ನೋವಿನ ಅಜ್ಜಿಗೆ ಮಣೆಗಿಂತ ಕುರ್ಚಿಯೇ ಹಿತ. ಅವರಿಗೆ ಯಾರಾದರೂ "ನೆಲದ ಮೇಲೆ ಕೂರುವುದೇ ನಮ್ಮ ಸಂಸ್ಕೃತಿ" ಎಂದು ಬುದ್ಧಿ ಹೇಳಿದರೆ ನಾವು ಒಪ್ಪುವುದಿಲ್ಲ.

ಆದ್ದರಿಂದ ನಾವು ಹೇಳುತ್ತಿರುವುದು ಹಿಂದಕ್ಕೆ ಹೋಗೋಣ ಎಂದಲ್ಲ. ಶೇಕರ್ ಪಂಥದಲ್ಲಿ ಈಗ ಉಳಿದಿರುವವರು ಬೆರಳೆಣಿಕೆಯ ಜನ. ಆದರೂ ಅವರ ಕುರ್ಚಿ ಉಳಿದಿದೆ. ವಸ್ತುಸಂಗ್ರಹಾಲಯಗಳು ಅದನ್ನು ಕಾಪಾಡಿದವು. ಮರಗೆಲಸ ಬಲ್ಲವರು ಒಂದೊಂದು ಕಾಲು, ಒಂದೊಂದು ಪಟ್ಟಿಯ ಅಳತೆ ತೆಗೆದು ಪುಸ್ತಕ ಮಾಡಿದರು. ಅದನ್ನು ನೋಡಿ ಯಾವ ಬಡಗಿಯಾದರೂ ಇವತ್ತು ಆ ಕುರ್ಚಿ ಮಾಡಬಹುದು, ತನ್ನ ಕಾಲಕ್ಕೆ ಬೇಕಾದಂತೆ ಬದಲಿಸಬಹುದು. ನಮ್ಮ ಕಡೆಯೂ ಇಂಥ ಕೆಲಸ ಆಗಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲಿದ್ದ ಹಳೆಯ ಮನೆಗಳನ್ನು ತಂದು ಮತ್ತೆ ನಿಲ್ಲಿಸಿದರು. ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲೂ ಅಲ್ಲಿದೆ. ಅಷ್ಟು ದೊಡ್ಡ ಕೆಲಸ ನಮ್ಮ ಸಂಘದಿಂದ ಆಗದು. ಆದರೆ ಅಳತೆ ತೆಗೆಯಲು ಬೇಕಾದದ್ದು ಒಂದು ಟೇಪು, ಒಂದು ನೋಟುಬುಕ್ಕು.

ನಾವು ಮಾಡಬಹುದಾದದ್ದು

ಒಂದು: ಹಳೆಯ ಸಾಮಾನು ಕೊಡುವ ಮುನ್ನ ಅಳೆಯಿರಿ. ಮುಂದಿನಿಂದ, ಪಕ್ಕದಿಂದ, ಕೆಳಗಿನಿಂದ ಮೂರು ಫೋಟೋ. ಉದ್ದ, ಅಗಲ, ಎತ್ತರ, ಕಾಲಿನ ದಪ್ಪ. ಯಾವ ಮರ, ಯಾರು ಮಾಡಿದ್ದು, ಕೀಲು ಹೇಗೆ ಕೂಡಿಸಿದೆ. ಮನೆಯ ಹಿರಿಯರು ಅದಕ್ಕೂ ಅದರ ಭಾಗಗಳಿಗೂ ಏನೆಂದು ಕರೆಯುತ್ತಾರೆ ಎಂಬುದನ್ನು ಅವರ ಬಾಯಿಯ ಮಾತಿನಲ್ಲೇ ಬರೆಯಿರಿ. ಕನ್ನಡವೋ ತೆಲುಗೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಎರಡೂ ಬರೆಯಿರಿ. ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗೆ ಇದು ಒಳ್ಳೆಯ ರಜೆಯ ಕೆಲಸ. ಶಿಕ್ಷಕ ಮಿತ್ರರು ಗಮನಿಸಬೇಕು.

ಎರಡು: ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಒಳಗೆ ಇರುವುದು ಮರವೇ, ಪ್ಲೈವುಡ್ಡೇ, ಪುಡಿ ಹಲಗೆಯೇ? ನೆಲ ಒರೆಸುವ ನೀರು ತಾಗಿದರೆ ಏನಾಗುತ್ತದೆ? ಬಿಚ್ಚಿ ಮತ್ತೆ ಜೋಡಿಸಿದರೆ ಹಿಡಿಯುತ್ತದೆಯೇ? ಕೆಟ್ಟರೆ ನಮ್ಮೂರ ಬಡಿಗೇರ ಸರಿ ಮಾಡಬಹುದೇ? ಉತ್ತರಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಕಂತು ಎಷ್ಟು ವರ್ಷ, ಸಾಮಾನು ಎಷ್ಟು ವರ್ಷ ಎಂದು ಮನೆಯಲ್ಲಿ ಒಮ್ಮೆ ಲೆಕ್ಕ ಹಾಕಿ.

ಮೂರು: ಒಂದೇ ಒಂದು ಸಾಮಾನನ್ನು ಊರ ಬಡಿಗೇರರಿಂದ ಮಾಡಿಸಿ, ಆದರೆ ಹೊಸ ಅಳತೆಯಲ್ಲಿ. ಹೊರಸನ್ನು ಸ್ವಲ್ಪ ಕಿರಿದು ಮಾಡಿ, ಕುರ್ಚಿಯ ಎತ್ತರಕ್ಕೆ ತಂದು, ಒಂದು ಬದಿಗೆ ಒರಗಲು ಬೆನ್ನು ಕೊಟ್ಟು, ನವಾರು ಹೆಣೆದರೆ ಅದೇ ಸೋಫಾ. ಕಾಲು ಓರೆ ಬೇಕೆಂದು ಮಗ ಕೇಳಿದರೆ ಓರೆಯೇ ಇರಲಿ. ಮೇಲೆ ಜಮಖಾನೆ ಹಾಸಿ. ನವಾರು ಸವೆದರೆ ಬಿಚ್ಚಿ ಬೇರೆ ಹೆಣೆಯಬಹುದು. ಬೆಲೆ ಅಂಗಡಿಯದಕ್ಕಿಂತ ಕಡಿಮೆಯೇ ಆಗುತ್ತದೆ ಎಂದು ನಾವು ಮಾತು ಕೊಡುವುದಿಲ್ಲ. ಆದರೆ ಆ ಹಣ ಊರಲ್ಲೇ ಉಳಿಯುತ್ತದೆ, ಸಾಮಾನನ್ನು ಊರಲ್ಲೇ ರಿಪೇರಿ ಮಾಡಿಸಬಹುದು.

ಮುಂದಿನ ಸಭೆಯಲ್ಲಿ ಈ ಮೂರು ವಿಷಯಗಳನ್ನೂ ಇಡುತ್ತೇವೆ. ರಾಯದುರ್ಗ, ಮಡಕಶಿರಾ, ಹೊಸೂರು, ಅಕ್ಕಲಕೋಟೆ, ಕಾಸರಗೋಡಿನ ಬಂಧುಗಳೂ ತಮ್ಮ ಕಡೆಯ ಸಾಮಾನುಗಳ ಅಳತೆ, ಹೆಸರು ಕಳುಹಿಸಿದರೆ ಈ ಪುಟದಲ್ಲಿ ಒಂದೊಂದಾಗಿ ಪ್ರಕಟಿಸುತ್ತೇವೆ. ಒಂದೇ ವಸ್ತುವಿಗೆ ಎಷ್ಟು ಕನ್ನಡದ ಹೆಸರುಗಳಿವೆ ಎಂಬುದು ಆಗ ತಿಳಿಯುತ್ತದೆ.

ಕೊನೆಗೆ, ದೇವನಕೊಂಡದ ಆ ಮಂಚ. ಲೇಖನ ಬರೆಯಲು ಕೂತಾಗ ಅಳತೆ ಕೇಳೋಣ ಎಂದು ಫೋನ್ ಮಾಡಿದೆವು. ಹಿಂದಿನ ವಾರವೇ ಗುಜರಿಗೆ ಹೋಗಿತ್ತು. "ಮೊದಲೇ ಹೇಳಿದ್ದರೆ ಇಟ್ಟಿರುತ್ತಿದ್ದೆವಲ್ರೀ" ಎಂದರು. ತಪ್ಪು ನಮ್ಮದೇ. ಅವತ್ತು ಆ ಮಂಚದ ಮೇಲೆ ಕೂತು ಒಂದು ಗಂಟೆ ಹರಟೆ ಹೊಡೆದ ನಾವು ಯಾರೂ ಅದನ್ನು ಅಳೆಯಲಿಲ್ಲ. ನಮ್ಮ ಮೊಬೈಲಿನಲ್ಲಿ ಒಂದು ಫೋಟೋ ಇದೆ. ಅದರಲ್ಲಿ ಕೂತವರ ಮುಖಗಳಿವೆ, ಮಂಚದ ಒಂದೇ ಒಂದು ಕಾಲು ಕಾಣುತ್ತದೆ.

ನಿಮ್ಮ ಮನೆಯಲ್ಲಿ ಹೀಗಾಗುವ ಮುನ್ನ ಟೇಪು ಹಿಡಿಯಿರಿ.